ತೋಟ ಮಾರಿ ಮಗಳನ್ನು ಅಮೆರಿಕಕ್ಕೆ ಕಳಿಸಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೊರದೇಶದ ಓದಿನ ಬಗ್ಗೆ ಕೇಳಿದವೇ ಜಾಸ್ತಿ. ಕೆಲವು ಅಪ್ಪ-ಅಮ್ಮ ಬರೆದದ್ದು, ಕೆಲವು ಮಕ್ಕಳು ಬರೆದದ್ದು. ಎಲ್ಲವನ್ನೂ ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಅಪ್ಪ ಸಾಲದ ಲೆಕ್ಕ ಮಗಳಿಗೆ ಹೇಳಿಲ್ಲ. ಮಗ ಫೇಲಾದದ್ದು ಅವ್ವನಿಗೆ ಹೇಳಿಲ್ಲ. ಇಬ್ಬರೂ ಪ್ರೀತಿಯಿಂದಲೇ ಮುಚ್ಚಿಡುತ್ತಿದ್ದಾರೆ, ಇಬ್ಬರಿಗೂ ಅದರಿಂದ ತೊಂದರೆಯೇ ಆಗುತ್ತಿದೆ. ಅದಕ್ಕೇ ಈ ತಿಂಗಳ ಪುಟ ಪೂರ್ತಿ ಇದಕ್ಕೆ ಕೊಟ್ಟಿದ್ದೇನೆ. ಯಾರದ್ದು ಅಂತ ಗುರುತಾಗದ ಹಾಗೆ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನಮಗೆ ನಾಲ್ಕು ಎಕರೆ ಅಡಿಕೆ ತೋಟ ಇದೆ. ಮಗಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಅಮೆರಿಕದಲ್ಲಿ ಎರಡು ವರ್ಷದ ಎಂಎಸ್‌ಗೆ ಸೀಟು ಸಿಕ್ಕಿದೆ. ಕೈಯಲ್ಲಿರೋ ದುಡ್ಡು ಬಿಟ್ಟು ಇನ್ನೂ 30 ಲಕ್ಷ ಬೇಕು. ಬ್ಯಾಂಕಿನವರು ತೋಟದ ಮೇಲೆ ಎಜುಕೇಶನ್ ಲೋನ್ ಕೊಡಲ್ಲ ಅಂದರು. ಕನ್ಸಲ್ಟೆನ್ಸಿಯವರು ಫೈನಾನ್ಸ್ ಕಂಪನಿಯಲ್ಲಿ ಕೊಡಿಸ್ತೀವಿ, ಮಗಳು ಅಲ್ಲಿ ಪಾರ್ಟ್‌ಟೈಮ್ ಮಾಡಿ ತೀರಿಸ್ತಾಳೆ ಅಂತಾರೆ. ಅರ್ಧ ತೋಟ ಮಾರಿಬಿಡೋದೇ ಒಳ್ಳೇದಾ? ಮಗಳಿಗೆ ಇದೇನೂ ಹೇಳಿಲ್ಲ, ಅವಳ ಮನಸ್ಸು ಕೆಡೋದು ಬೇಡ ಅಂತ.
(ಚನ್ನಗಿರಿ ತಾಲ್ಲೂಕಿನ ರೈತರು)

ಉತ್ತರ: ಯಜಮಾನರೇ, ತೋಟ ಮಾರಬೇಡಿ. ಮೊದಲು ಮಗಳನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಹೇಳಿ.

ಬ್ಯಾಂಕಿನವರು ಇಲ್ಲ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಸಾಲ ಕಟ್ಟದವರ ಆಸ್ತಿಯನ್ನು ಕೋರ್ಟಿಗೆ ಹೋಗದೆ ಹರಾಜು ಹಾಕಲು ಬ್ಯಾಂಕುಗಳಿಗೆ 2002ರ ಸರ್ಫೇಸಿ ಕಾಯ್ದೆ ಅಧಿಕಾರ ಕೊಡುತ್ತದೆ. ಆದರೆ ಕೃಷಿ ಜಮೀನನ್ನು ಅದೇ ಕಾಯ್ದೆ ಹೊರಗಿಟ್ಟಿದೆ. ಇದು ರೈತರ ರಕ್ಷಣೆಗೆ ಇರುವ ನಿಯಮ. ಆದರೆ ಅದೇ ಕಾರಣಕ್ಕೆ ಪಹಣಿ ಹಿಡಿದುಕೊಂಡು ಎಜುಕೇಶನ್ ಲೋನ್‌ಗೆ ಹೋದರೆ ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ. ಅದಕ್ಕೆ ಮನೆ, ಎನ್‌ಎ (ಕೃಷಿಯೇತರ) ಆದ ಸೈಟು ಅಥವಾ ಎಫ್‌ಡಿ ಆಗುತ್ತದೆ. ನಿಮ್ಮ ಹೆಸರಲ್ಲೋ ತಮ್ಮನ ಹೆಸರಲ್ಲೋ ಸೈಟು ಇದ್ದು ಖಾತೆ ಸರಿಯಿದ್ದರೆ ಅದನ್ನು ಕೊಟ್ಟು ಸರ್ಕಾರಿ ಬ್ಯಾಂಕಿನಲ್ಲೇ ಪ್ರಯತ್ನಿಸಿ. ಕೆಲವು ಬ್ಯಾಂಕುಗಳು ಹೆಸರಾಂತ ವಿಶ್ವವಿದ್ಯಾಲಯಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಆ ಪಟ್ಟಿಯಲ್ಲಿ ಇರುವ ಕಡೆ ಸೀಟು ಸಿಕ್ಕಿದ್ದರೆ ಅಡಮಾನ ಇಲ್ಲದೆಯೂ ಕೊಡುತ್ತಾರೆ. ಮಗಳ ಕಾಲೇಜು ಅದರಲ್ಲಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಆ ಕಾಲೇಜಿನ ಬಗ್ಗೆಯೂ ಇನ್ನೊಂದು ಸಲ ಯೋಚಿಸಿ.

ಈಗ ಕಂತಿನ ಲೆಕ್ಕ. 30 ಲಕ್ಷವನ್ನು ಎರಡು ವರ್ಷದಲ್ಲಿ ಅರ್ಧರ್ಧ ತೆಗೆದುಕೊಂಡಿರಿ, ಬಡ್ಡಿ ಶೇ 11 ಅಂತ ಇಟ್ಟುಕೊಳ್ಳಿ. ಓದುವಾಗ ಮತ್ತು ಓದು ಮುಗಿದ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಆ ಮೂರು ವರ್ಷಕ್ಕೆ ಸುಮಾರು 8 ಲಕ್ಷ ಬಡ್ಡಿ ಸೇರಿ ಸಾಲ 38 ಲಕ್ಷ ಆಗುತ್ತದೆ. ಅದನ್ನು 15 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 43 ಸಾವಿರ. ಪೂರ್ತಿ ತೀರುವಷ್ಟರಲ್ಲಿ ನೀವು ಕಟ್ಟಿದ್ದು 77 ಲಕ್ಷ ದಾಟಿರುತ್ತದೆ. ಫೈನಾನ್ಸ್ ಕಂಪನಿಗಳಲ್ಲಿ ಬಡ್ಡಿ ಇನ್ನೂ ಜಾಸ್ತಿ ಇರುತ್ತದೆ, ಕೆಲವರು ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿ ಅನ್ನುತ್ತಾರೆ. ಮಗಳಿಗೆ ಅಲ್ಲಿ ಒಳ್ಳೆಯ ಕೆಲಸ ಸಿಕ್ಕರೆ ಈ ಸಾಲ ದೊಡ್ಡದಲ್ಲ, ಬೇಗ ತೀರಿಸಿದವರನ್ನು ನೋಡಿದ್ದೇನೆ. ಸಿಗದೆ ಬೆಂಗಳೂರಿಗೆ ವಾಪಸ್ ಬಂದು ಇಲ್ಲಿನ ಸಂಬಳಕ್ಕೆ ಸೇರಿದರೆ ತಿಂಗಳಿಗೆ 43 ಸಾವಿರ ಎಲ್ಲಿಂದ ಬರಬೇಕು, ಅದನ್ನು ಈಗಲೇ ಕೇಳಿಕೊಳ್ಳಬೇಕು.

ಪಾರ್ಟ್‌ಟೈಮ್ ಮಾಡಿ ತೀರಿಸುತ್ತಾಳೆ ಅನ್ನೋದು ಸುಳ್ಳು. ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ, ಅದೂ ಕ್ಯಾಂಪಸ್ ಒಳಗೆ. ಲೈಬ್ರರಿ, ಕ್ಯಾಂಟೀನು, ಲ್ಯಾಬು ಇಂಥ ಕಡೆ. ಸಿಕ್ಕರೆ ಊಟದ ಖರ್ಚು ಕಳೆಯಬಹುದು, ಫೀಸು ಕಟ್ಟಲು ಆಗುವುದಿಲ್ಲ. ಹೊರಗೆ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಕ್ಯಾಷ್ ತೆಗೆದುಕೊಂಡು ದುಡಿದರೆ ವೀಸಾ ನಿಯಮ ಮುರಿದ ಹಾಗೆ, ಸಿಕ್ಕಿಬಿದ್ದರೆ ಓದೇ ನಿಲ್ಲುತ್ತದೆ. ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಅವಕಾಶ ಇದೆ, ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು. ಆದರೆ ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವಂತಿಲ್ಲ. ಆಮೇಲೂ ಅಲ್ಲೇ ಕೆಲಸ ಮಾಡಲು ಎಚ್-1ಬಿ ಅನ್ನುವ ವೀಸಾ ಬೇಕು. ವರ್ಷಕ್ಕೆ 85 ಸಾವಿರ ಜನಕ್ಕೆ ಮಿತಿ, ಅರ್ಜಿ ಹಾಕುವವರು ಅದಕ್ಕಿಂತ ಎಷ್ಟೋ ಜಾಸ್ತಿ. ಮಗಳು ಎಷ್ಟೇ ಜಾಣೆ ಇರಲಿ, ಇದು ಅವಳ ಕೈಯಲ್ಲಿ ಇಲ್ಲ.

ಇನ್ನೊಂದು ಮಾತು. ಹಣ ಇದೆ ಅಂತ ತೋರಿಸಲು ಯಾರದ್ದೋ ದುಡ್ಡನ್ನು ಕೆಲವು ವಾರ ನಿಮ್ಮ ಖಾತೆಯಲ್ಲಿ ಇಡಿಸುತ್ತೇವೆ ಅಂತ ಕನ್ಸಲ್ಟೆನ್ಸಿಯವರು ಹೇಳಿದರೆ ಅವತ್ತೇ ಅವರ ಸಹವಾಸ ಬಿಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಆ ಕಳಂಕ ಮಗಳ ಹೆಸರಿಗೆ ಅಂಟುತ್ತದೆ, ಅವರಿಗಲ್ಲ. ಬ್ರಿಟನ್ ಅಂತೂ ಇಂಥದಕ್ಕೆ 10 ವರ್ಷ ವೀಸಾ ಕೊಡದೇ ಇರಬಹುದು. ಕನ್ಸಲ್ಟೆನ್ಸಿಗಳು ಉಚಿತ ಸೇವೆ ಅಂತ ಬೋರ್ಡು ಹಾಕಿದರೂ, ಸೀಟು ತುಂಬಿಸಿದ್ದಕ್ಕೆ ಅವರಿಗೆ ಕಾಲೇಜಿಂದ ಕಮಿಷನ್ ಬರುತ್ತದೆ. ಅವರು ಯಾವ ಕಾಲೇಜು ಒಳ್ಳೇದು ಅನ್ನುತ್ತಾರೆ ಅನ್ನೋದನ್ನು ಅದು ನೆನಪಿಟ್ಟುಕೊಂಡೇ ಕೇಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸೀಟನ್ನು ಮುಂದಿನ ವರ್ಷಕ್ಕೆ ಹಾಕಿಕೊಡಿ ಅಂತ ಮಗಳಿಂದ ವಿಶ್ವವಿದ್ಯಾಲಯಕ್ಕೆ ಮೇಲ್ ಬರೆಸುತ್ತಿದ್ದೆ. ಬಹಳ ಕಡೆ ಒಪ್ಪುತ್ತಾರೆ. ಅಷ್ಟರಲ್ಲಿ ಅವಳು ಇಲ್ಲೇ ಒಂದು ವರ್ಷ ಕೆಲಸ ಮಾಡಲಿ, ಸ್ಕಾಲರ್‌ಷಿಪ್ ಇರುವ ಕಡೆ ಅರ್ಜಿ ಹಾಕಲಿ. ಯೂರೋಪಿನಲ್ಲಿ ಎರಾಸ್ಮಸ್ ಮುಂಡುಸ್ ಅಂತ ಇದೆ. ಕನಿಷ್ಠ ಎರಡು ದೇಶದಲ್ಲಿ ಓದಿಸುತ್ತಾರೆ, ಸ್ಕಾಲರ್‌ಷಿಪ್ ಸಿಕ್ಕವರಿಗೆ ಫೀಸೂ ಇಲ್ಲ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಕಷ್ಟದ ಸ್ಪರ್ಧೆ ನಿಜ. ಪ್ರಯತ್ನಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಮಗಳ ಮನಸ್ಸು ಕೆಡುತ್ತದೆ ಅಂತ ಹೆದರಬೇಡಿ. ಈ ಸಾಲಕ್ಕೆ ಅವಳೇ ಮುಖ್ಯ ಸಾಲಗಾರಳು, ನೀವು ಜೊತೆಗೆ ಸಹಿ ಹಾಕುವವರು. ಅವಳಿಗೆ ಗೊತ್ತಿರಲೇಬೇಕು.

ಪ್ರಶ್ನೆ: ಮೇಡಂ, ನಾನು ದಾವಣಗೆರೆ ವಿದ್ಯಾನಗರದ ಹುಡುಗ. ಜರ್ಮನಿಯಲ್ಲಿ ಮೆಕ್ಯಾನಿಕಲ್ ಮಾಸ್ಟರ್ಸ್ ಓದ್ತಿದ್ದೀನಿ. ಮೊದಲ ಸೆಮಿಸ್ಟರ್‌ನಲ್ಲಿ ನಾಲ್ಕರಲ್ಲಿ ಎರಡು ಹೋಯ್ತು. ಊರಲ್ಲಿ ನನಗೆ ಒಂದು ಬ್ಯಾಕ್ ಕೂಡ ಇರಲಿಲ್ಲ. ರಾತ್ರಿ ಗೋಡೌನ್‌ನಲ್ಲಿ ಕೆಲಸ ಮಾಡ್ತೀನಿ, ಬೆಳಿಗ್ಗೆ ಕ್ಲಾಸಿಗೆ ಹೋಗೋಕೆ ಆಗಲ್ಲ. ಅವ್ವ ದಿನಾ ಫೋನ್ ಮಾಡ್ತಾಳೆ. ಚೆನ್ನಾಗಿದೀನಿ ಅಂತೀನಿ. ಫೋನ್ ಇಟ್ಟ ಮೇಲೆ ಯಾರ ಹತ್ರನೂ ಮಾತಾಡಲ್ಲ. ವಾಪಸ್ ಬಂದುಬಿಡಲಾ ಅನಿಸುತ್ತೆ, ಆದರೆ ಮುಖ ಹೇಗೆ ತೋರಿಸ್ಲಿ?

ಉತ್ತರ: ತಮ್ಮಾ, ನೀನು ಬರೆದದ್ದು ಒಳ್ಳೇದಾಯ್ತು. ನಿನ್ನ ಪತ್ರವನ್ನು ಎರಡು ಸಲ ಓದಿದೆ.

ಎರಡು ಪೇಪರ್ ಹೋದದ್ದು ನಿನ್ನ ಬುದ್ಧಿ ಕಮ್ಮಿ ಅಂತ ಅಲ್ಲ. ಪರೀಕ್ಷೆಯ ರೀತಿಯೇ ಬೇರೆ. ಇಲ್ಲಿ ಇಂಟರ್ನಲ್ಸ್ ಅಂತ ಒಂದು ಆಸರೆ ಇರುತ್ತಿತ್ತು, ಹಳೆ ಪ್ರಶ್ನೆಪತ್ರಿಕೆ ಐದು ವರ್ಷದ್ದು ತಿರುವಿದರೆ ಅರ್ಧ ಪ್ರಶ್ನೆ ಗೊತ್ತಾಗುತ್ತಿತ್ತು. ಅಲ್ಲಿ ಬಹಳಷ್ಟು ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಯಾರೂ ಹಾಜರಿ ಕೇಳುವುದಿಲ್ಲ, ಯಾರೂ ಓದು ಅನ್ನುವುದಿಲ್ಲ. ಆ ಸ್ವಾತಂತ್ರ್ಯ ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟೋ ಮಕ್ಕಳಿಗೆ ಹೊಡೆತ ಕೊಡುತ್ತದೆ, ಹೊರಗೆ ಹೇಳಿಕೊಳ್ಳುವುದಿಲ್ಲ ಅಷ್ಟೇ. ನಿನ್ನ ಪಕ್ಕದ ಬೆಂಚಿನವನಿಗೂ ಹೋಗಿರುತ್ತದೆ, ಕೇಳಿ ನೋಡು.

ಈಗ ಮಾಡಬೇಕಾದ್ದು. ನಿನ್ನ ಕೋರ್ಸಿನ ಪರೀಕ್ಷಾ ಕಚೇರಿಗೆ ಹೋಗಿ ಒಂದು ಪೇಪರಿಗೆ ಎಷ್ಟು ಅವಕಾಶ ಅಂತ ಕೇಳು. ಬಹಳ ಕಡೆ ಮೂರು. ಮೂರನೆಯದೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ ಹಾಕಬಹುದು. ಅದಕ್ಕೇ ತಯಾರಿ ಇಲ್ಲದೆ ಸುಮ್ನೆ ಹೋಗಿ ಕೂರಬೇಡ. ನಿಗದಿತ ದಿನದೊಳಗೆ ಹೆಸರು ವಾಪಸ್ ತೆಗೆದುಕೊಂಡರೆ ಅವಕಾಶ ಉಳಿಯುತ್ತದೆ. ಫಾಕ್‌ಶಾಫ್ಟ್ ಅಂತ ವಿದ್ಯಾರ್ಥಿಗಳ ಸಂಘ ಪ್ರತಿ ವಿಭಾಗದಲ್ಲೂ ಇರುತ್ತದೆ. ಹಳೆ ಪ್ರಶ್ನೆಪತ್ರಿಕೆಗಳನ್ನು ಅವರು ಕೂಡಿಟ್ಟಿರುತ್ತಾರೆ, ನಮ್ಮ ಹುಡುಗರು ನಾಚಿಕೊಂಡು ಆ ಬಾಗಿಲು ತಟ್ಟುವುದೇ ಇಲ್ಲ. ತಟ್ಟು. ಹೋದ ಪೇಪರಿನ ಉತ್ತರಪತ್ರಿಕೆ ನೋಡಲು ಒಂದು ದಿನ ಇಡುತ್ತಾರೆ, ತಪ್ಪದೆ ಹೋಗು. ಎಲ್ಲಿ ಅಂಕ ಹೋಯಿತು ಅಂತ ಕಣ್ಣಾರೆ ಕಾಣುತ್ತದೆ.

ರಾತ್ರಿ ಕೆಲಸ ಬಿಡು. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಅಂತ ಮಿತಿ ಇದೆ, ಅದು ನಿನಗೂ ಗೊತ್ತು. ಮಿತಿಯೊಳಗೇ ಇದ್ದರೂ ನಿದ್ದೆ ಕೆಟ್ಟರೆ ಓದು ಕೆಡುತ್ತದೆ. ಪ್ರೊಫೆಸರ್‌ಗಳ ಹತ್ತಿರ ಸಿಗುವ ಹಿವಿ (ವಿದ್ಯಾರ್ಥಿ ಸಹಾಯಕ) ಕೆಲಸಕ್ಕೆ ಮೇಲ್ ಹಾಕುತ್ತಾ ಇರು. ಅದು ಈ ದಿನಗಳ ಲೆಕ್ಕಕ್ಕೆ ಬರುವುದಿಲ್ಲ, ಹಗಲು ಕೆಲಸ, ಓದಿಗೂ ಹತ್ತಿರ. ವೀಸಾಗೆ ಅಂತ ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬರುವ 992 ಯೂರೋದಲ್ಲಿ ಬಾಡಿಗೆ, ಇನ್ಷೂರೆನ್ಸ್ ಕಳೆದು ಎಷ್ಟು ಉಳಿಯುತ್ತದೆ ಅಂತ ಬರೆದು ನೋಡು. ಆರು ತಿಂಗಳು ಮನೆಯಿಂದ ಸ್ವಲ್ಪ ದುಡ್ಡು ತರಿಸಿಕೊಂಡರೂ, ಕೋರ್ಸು ಒಂದು ವರ್ಷ ಎಳೆಯುವುದಕ್ಕಿಂತ ಅದೇ ಅಗ್ಗ. ವೀಸಾ ಮುಂದುವರಿಸುವಾಗ ಓದು ಎಷ್ಟು ಮುಂದೆ ಹೋಗಿದೆ ಅಂತಲೂ ನೋಡುತ್ತಾರೆ.

ಅವ್ವನಿಗೆ ಹೇಳು. ಭಾನುವಾರ ಹೇಗೂ ಅಲ್ಲಿ ಅಂಗಡಿ ಎಲ್ಲ ಮುಚ್ಚಿರುತ್ತವೆ, ನಿನಗೂ ಬಿಡುವು. ಮೊದಲು ಅಂಕದ ಪದ್ಧತಿ ವಿವರಿಸು. ಅಲ್ಲಿ 1.0 ಅಂದರೆ ಎಲ್ಲಕ್ಕಿಂತ ಒಳ್ಳೇದು, 4.0ವರೆಗೆ ಪಾಸು, 5.0 ಅಂದರೆ ಫೇಲು. ಇದು ಗೊತ್ತಿಲ್ಲದೆ ಮಗನಿಗೆ ಬರೀ ಎರಡು, ಮೂರು ಮಾರ್ಕ್ಸ್ ಬಂತಂತೆ ಅಂತ ಕಣ್ಣೀರು ಹಾಕಿದ ತಾಯಿಯರನ್ನು ನಾನು ನೋಡಿದ್ದೇನೆ. ಆಮೇಲೆ ಎರಡು ಹೋಗಿದೆ, ಮತ್ತೆ ಬರೆಯುತ್ತೇನೆ, ರಾತ್ರಿ ಕೆಲಸ ಬಿಡುತ್ತಿದ್ದೇನೆ ಅಂತ ಮೂರು ಮಾತು ಹೇಳು. ಅಳುತ್ತಾರೆ, ಬೈಯಲೂಬಹುದು. ಆದರೂ ಮಾರನೇ ದಿನ ಫೋನ್ ಮಾಡುತ್ತಾರೆ, ಆಗ ನೀನು ನಿಜ ಮಾತಾಡಬಹುದು.

ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಬಯಲುಸೀಮೆಯ ಬಿಸಿಲಲ್ಲಿ ಬೆಳೆದವರಿಗೆ ಅದು ಸಣ್ಣ ವಿಷಯ ಅಲ್ಲ, ಮನಸ್ಸು ಕುಗ್ಗುತ್ತದೆ. ಹಗಲು ಇರುವ ಹೊತ್ತಲ್ಲಿ ದಿನಾ ಹೊರಗೆ ನಡೆ. ಹಾಸ್ಟೆಲು, ಮೆನ್ಸಾ (ಕಾಲೇಜಿನ ಕ್ಯಾಂಟೀನು) ನಡೆಸುವ ಸ್ಟುಡಿಯರೆಂಡನ್‌ವೆರ್ಕ್‌ನಲ್ಲೇ ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವವರು ಇರುತ್ತಾರೆ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಅಪಾಯಿಂಟ್‌ಮೆಂಟ್ ತೆಗೆದುಕೋ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಆ ಕ್ಷಣವೇ 112ಕ್ಕೆ ಫೋನ್ ಮಾಡು, ಇಲ್ಲವಾ ರೂಮಿನ ಪಕ್ಕದವರನ್ನು ಎಬ್ಬಿಸು. ಇದನ್ನು ಓದುತ್ತಿರುವ ಅಪ್ಪ-ಅಮ್ಮಂದಿರಿಗೂ ಹೇಳುತ್ತೇನೆ, ಮಗನ ದನಿ ಬದಲಾಗಿದೆ ಅನಿಸಿದರೆ 14416 ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹೇಗೆ ವಿಚಾರಿಸಬೇಕು ಅಂತ ಹೇಳಿಕೊಡುತ್ತಾರೆ.

ಇಷ್ಟೆಲ್ಲ ಮಾಡಿ ಒಂದು ಸೆಮಿಸ್ಟರ್ ಆದ ಮೇಲೂ ಬರಬೇಕು ಅನಿಸಿದರೆ ಬಾ. ಯಾರಿಗೂ ಮುಖ ತಪ್ಪಿಸಬೇಕಾದ ಕೆಲಸ ನೀನು ಮಾಡಿಲ್ಲ.

ಪ್ರಶ್ನೆ: ನಾನು ಹೊಳಲ್ಕೆರೆ ಕಡೆಯವಳು. ಪಿಯುಸಿವರೆಗೆ ಕನ್ನಡ ಮೀಡಿಯಂ. ಚಿತ್ರದುರ್ಗದಲ್ಲಿ ಬಿಎಸ್ಸಿ ಕೊನೇ ವರ್ಷ. ಅಪ್ಪ-ಅವ್ವ ಕೂಲಿ ಮಾಡ್ತಾರೆ, ನಮಗೆ ಜಮೀನಿಲ್ಲ. ಹೊರದೇಶದಲ್ಲಿ ಎಂಎಸ್ಸಿ ಮಾಡೋ ಆಸೆ. ನನ್ನಂಥವರಿಗೆ ಆಗುತ್ತಾ ಮೇಡಂ?

ಉತ್ತರ: ಆಗುತ್ತದೆ ಪುಟ್ಟಾ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಷಿಪ್ ನಿನ್ನಂಥವರಿಗೇ ಇರುವುದು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳ ಜೊತೆಗೆ ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ ಇದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗೆ, ವಯಸ್ಸು 35ರೊಳಗೆ, ಡಿಗ್ರಿಯಲ್ಲಿ ಶೇ 60 ಇರಬೇಕು. ಫೀಸು, ಇರುವ ಖರ್ಚು, ವಿಮಾನದ ಟಿಕೆಟು ಎಲ್ಲ ಅವರದ್ದೇ. ನಮ್ಮ ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಇದೆ. ತಹಶೀಲ್ದಾರರ ಕಚೇರಿಯಿಂದ ಜಾತಿ, ಆದಾಯ ಸರ್ಟಿಫಿಕೇಟು, ಭೂಮಿ ಇಲ್ಲ ಅನ್ನುವ ದಾಖಲೆ ಈಗಲೇ ಮಾಡಿಸಿಟ್ಟುಕೋ. ಕೊನೇ ಗಳಿಗೆಯಲ್ಲಿ ಇವೇ ಕೈ ಕೊಡುವುದು.

ಮೂರು ವರ್ಷದ ಡಿಗ್ರಿ ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿಗೆ ಸಾಕು. ಅಮೆರಿಕದಲ್ಲಿ ಬಹಳ ಕಡೆ ನಾಲ್ಕು ವರ್ಷದ್ದು ಕೇಳುತ್ತಾರೆ.

ಕನ್ನಡ ಮೀಡಿಯಂ ಅನ್ನೋ ಹಿಂಜರಿಕೆ ಬೇಡವೇ ಬೇಡ. ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆ 11ರಿಂದ 14 ನಿಮಿಷ, ಅಷ್ಟೇ. ನಿಮ್ಮ ಊರು, ಮನೆ, ಇಷ್ಟದ ಕೆಲಸ, ಇಂಥದ್ದೇ ಕೇಳುತ್ತಾರೆ. ಉಚ್ಚಾರ ಇಂಗ್ಲಿಷರ ಹಾಗೆ ಇರಬೇಕಿಲ್ಲ, ಕೇಳಿದವರಿಗೆ ಅರ್ಥ ಆದರೆ ಆಯಿತು. ನಮ್ಮ ಮಕ್ಕಳಿಗೆ ನಿಜಕ್ಕೂ ಕಷ್ಟ ಆಗುವುದು ಬರೆಯುವ ಭಾಗ. ದಿನಾ ಒಂದು ಪುಟ ಬರೆದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಹತ್ತಿರ ತಿದ್ದಿಸು. ಅಂಕ ಎರಡೇ ವರ್ಷ ನಡೆಯುತ್ತದೆ, ಅದಕ್ಕೇ ಅರ್ಜಿ ಹಾಕುವ ವರ್ಷ ನೋಡಿಕೊಂಡು ಬರೆ.

ಪ್ರಶ್ನೆ: ಮಗನಿಗೆ ನೀಟ್‌ನಲ್ಲಿ ಪಾಸಾಗುವಷ್ಟು ಬಂತು, ಇಲ್ಲಿ ಸರ್ಕಾರಿ ಸೀಟು ಸಿಗಲಿಲ್ಲ. ಹೊರದೇಶದಲ್ಲಿ ಎಂಬಿಬಿಎಸ್ 25 ಲಕ್ಷಕ್ಕೆ ಮುಗಿಯುತ್ತೆ ಅಂತ ಏಜೆಂಟು ದಿನಾ ಮನೆಗೆ ಬರ್ತಿದ್ದಾನೆ. ಅಡ್ವಾನ್ಸ್ ಕೊಡಲಾ?
(ಚಳ್ಳಕೆರೆಯ ತಾಯಿ)

ಉತ್ತರ: ಅಕ್ಕಾ, ಇನ್ನೂ ಒಂದು ರೂಪಾಯಿ ಕೊಡಬೇಡಿ. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿದೆ. ಕೋರ್ಸು ಕನಿಷ್ಠ 54 ತಿಂಗಳು, ಪೂರ್ತಿ ಇಂಗ್ಲಿಷಿನಲ್ಲಿ, ಒಂದೇ ಕಾಲೇಜಿನಲ್ಲಿ ಇರಬೇಕು. ಅಲ್ಲೇ 12 ತಿಂಗಳು ಇಂಟರ್ನ್‌ಷಿಪ್ ಮಾಡಬೇಕು. ಆ ದೇಶದಲ್ಲಿ ಡಾಕ್ಟರಾಗಿ ಕೆಲಸ ಮಾಡಲು ಅರ್ಹತೆ ಸಿಗಬೇಕು. ಇದರಲ್ಲಿ ಒಂದು ತಪ್ಪಿದರೂ ಇಲ್ಲಿ ರಿಜಿಸ್ಟರ್ ಆಗುವುದಿಲ್ಲ. ಎಲ್ಲ ಸರಿಯಿದ್ದರೂ ವಾಪಸ್ ಬಂದು, ಹೊರದೇಶದಲ್ಲಿ ಡಾಕ್ಟರ್ ಓದಿದವರಿಗೆ ಇರುವ ಪರೀಕ್ಷೆ ಎಫ್‌ಎಂಜಿಇ ಬರೆಯಬೇಕು, 300ಕ್ಕೆ 150 ಬರಲೇಬೇಕು. ಆಮೇಲೆ ಇಲ್ಲಿ ಮತ್ತೆ 12 ತಿಂಗಳು ಇಂಟರ್ನ್‌ಷಿಪ್. ಈ ಪರೀಕ್ಷೆಯಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಜಾಸ್ತಿ. 54 ತಿಂಗಳು, ಇಂಗ್ಲಿಷು, ಇಂಟರ್ನ್‌ಷಿಪ್ಪು, ಲೈಸೆನ್ಸು, ಈ ನಾಲ್ಕನ್ನೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಬಾ ಅಂತ ಏಜೆಂಟಿಗೆ ಹೇಳಿ. ತಂದರೆ ಮುಂದಿನ ಮಾತು.

ನಮ್ಮ ಪಕ್ಕದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವಿದ್ಯಾರ್ಥಿಯನ್ನು 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಯುದ್ಧ ಬಲಿ ತೆಗೆದುಕೊಂಡಿತು. ಅವನ ಮನೆಯವರು ದೇಹವನ್ನು ದಾವಣಗೆರೆಯ ಎಸ್‌.ಎಸ್‌. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅವನೂ ಒಳ್ಳೆಯ ಅಂಕ ತೆಗೆದವನೇ, ಇಲ್ಲಿನ ಫೀಸು ಕೈಗೆ ಎಟುಕದೆ ಹೋದವನು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಹೋಗುವ ದೇಶದ ಪರಿಸ್ಥಿತಿ, ಅಲ್ಲಿನ ಭಾರತದ ರಾಯಭಾರ ಕಚೇರಿ ಹೊರಡಿಸಿದ ಸೂಚನೆ, ಇವನ್ನೂ ಓದಿ ತೀರ್ಮಾನ ಮಾಡಿ ಅಂತ ಹೇಳುತ್ತಿದ್ದೇನೆ. ಮಗನನ್ನೂ ಕೇಳಿ. ಡಾಕ್ಟರಾಗುವ ಆಸೆ ಅವನದ್ದಾ, ಮನೆಯವರದ್ದಾ? ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ ಇಲ್ಲೇ ದಾವಣಗೆರೆ, ಚಿತ್ರದುರ್ಗದಲ್ಲಿ ಇವೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಎಂಎಸ್ಸಿ ಮುಗಿಸಿ ಎರಡು ವರ್ಷ ಇದ್ದೆ. ಕಂಪನಿ ಕೆಲಸದ ವೀಸಾಗೆ ಸ್ಪಾನ್ಸರ್ ಮಾಡಲಿಲ್ಲ, ವಾಪಸ್ ಬಂದೆ. ದಾವಣಗೆರೆಯಲ್ಲಿ ಯಾವ ಮದುವೆಗೆ ಹೋದರೂ "ಯಾಕೆ ಬಂದ್ಬಿಟ್ಟೆ?" ಅಂತಾರೆ.

ಉತ್ತರ: ಅವರಿಗೆ ಈ ಲೆಕ್ಕ ಹೇಳಿ. ಅಲ್ಲಿ ಕೆಲಸದ ವೀಸಾಗೆ ಬೇಕಾದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 26,200 ಪೌಂಡ್ ಇತ್ತು. 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 38,700 ಆಯಿತು, 2025ರ ಜುಲೈನಲ್ಲಿ 41,700. ನೀವು ಓದಲು ಹೋದಾಗ ಇದ್ದ ನಿಯಮ ನೀವು ಕೆಲಸ ಹುಡುಕುವಾಗ ಇರಲಿಲ್ಲ. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದ್ದರೂ ಚಿಕ್ಕ ಕಂಪನಿಗಳು ಹಿಂದೆ ಸರಿದವು. ಇದರಲ್ಲಿ ನಿಮ್ಮ ಸೋಲು ಎಲ್ಲಿದೆ? ಅಲ್ಲಿ ಎರಡು ವರ್ಷ ಮಾಡಿದ ಕೆಲಸವನ್ನು ರೆಸ್ಯೂಮಿನಲ್ಲಿ ಡಿಗ್ರಿಗಿಂತ ಮೇಲೆ ಬರೆಯಿರಿ. ಸಾಲ ಇದ್ದರೆ ಕಂತು ಬಾಕಿ ಬೀಳುವ ಮುಂಚೆಯೇ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಿಕೊಡಿ ಅಂತ ಅರ್ಜಿ ಕೊಡಿ. ಬಾಕಿ ಬಿದ್ದ ಮೇಲೆ ಹೋದರೆ ಅದೇ ಮ್ಯಾನೇಜರ್ ಬೇರೆ ಥರ ಮಾತಾಡುತ್ತಾರೆ. ಹಳೆ ಪದ್ಧತಿಯಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುವವರಾದರೆ ಎಜುಕೇಶನ್ ಲೋನಿನ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ.

ಮದುವೆ ಮನೆಯವರಿಗೆ ಉತ್ತರ ಕೊಡಲೇಬೇಕು ಅಂತ ಏನೂ ಇಲ್ಲ.

ಪ್ರಶ್ನೆ: ಮುಂದಿನ ತಿಂಗಳು ಮಗಳು ಯೂರೋಪಿಗೆ ಹೊರಡ್ತಾಳೆ. ಬೆಣ್ಣೆ ಕಾಯಿಸಿದ ತುಪ್ಪ, ಪೇಡ ಕಳಿಸಬಹುದಾ?

ಉತ್ತರ: ಕಳಿಸಬೇಡಿ ಅಮ್ಮಾ. ಹೊರಗಿನಿಂದ ಬರುವವರು ಹಾಲಿನದ್ದು, ಮಾಂಸದ್ದು ಏನೂ ತರುವಂತಿಲ್ಲ ಅಂತ ಯೂರೋಪಿಯನ್ ಒಕ್ಕೂಟದ ನಿಯಮ ಇದೆ, ಏರ್‌ಪೋರ್ಟಿನಲ್ಲೇ ಎತ್ತಿ ಬಿಸಾಕುತ್ತಾರೆ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಸಾಂಬಾರ್ ಪುಡಿ ಹಾಕಿ. ಚಿಕ್ಕ ಕುಕ್ಕರ್ ಒಂದು ಇರಲಿ, ಅದರ ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಬರೆಸಿ. ಮಾರ್ಕ್ಸ್‌ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಅಡ್ಮಿಷನ್ ಪತ್ರ, ಇನ್ಷೂರೆನ್ಸ್ ಕಾಗದ ಎಲ್ಲ ಕೈ ಬ್ಯಾಗಿನಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. ಅವುಗಳ ಒಂದು ಜೆರಾಕ್ಸ್ ಸೆಟ್ಟು ನಿಮ್ಮ ಹತ್ತಿರ ಇಟ್ಟುಕೊಳ್ಳಿ.